ಬೀರುವಿನ ಒಳಬಾಗಿಲು

ಕೀಲಿ ಬೀಗದೊಳಗೆ ಹೋಗಿತ್ತು, ತಿರುಗಿಸಲು ತಮ್ಮನಿಗೆ ಕೈ ಬರುತ್ತಿರಲಿಲ್ಲ. ಗ್ಯಾರೇಜಿನ ಹೊರಗೆ ಶವಪೆಟ್ಟಿಗೆಯಲ್ಲಿ ಅಣ್ಣ ಮಲಗಿದ್ದ.

"ಅವರ ಖಾಕಿ ಅಂಗಿ ಆ ಹಸಿರು ಬೀರುವಿನಲ್ಲೇ ಇದೆ ಕಣಪ್ಪ," ಅಂದಳು ಅತ್ತಿಗೆ. "ಅದನ್ನ ಹೊದಿಸದೆ ಕಳಿಸಲ್ಲ ನಾನು."

"ಬೀಗ ತುಕ್ಕು ಹಿಡಿದಿದೆ ಅತ್ತಿಗೆ."

"ಮೊನ್ನೆ ತನಕ ಅವನು ತೆಗೀತಿದ್ದನಲ್ಲ, ಅಷ್ಟರಲ್ಲೇ ತುಕ್ಕು ಬಂತಾ?" ಬಾಗಿಲಲ್ಲಿ ಊರುಗೋಲಿಗೆ ಒರಗಿದ್ದ ಡ್ರೈವರ್ ಕೇಳಿದ. "ತೆಗಿಯಯ್ಯ. ನನ್ನ ಕಾಲು ಹೋದ ದಿನ ಏನು ಬರೆದಿದ್ದಾನೆ, ನಾನೂ ನೋಡ್ಬೇಕು."

*

ದಿನಾ ಸಂಜೆ ಶಟರ್ ಎಳೆಯುವ ಮುಂಚೆ ಅಣ್ಣ ಡಬ್ಬ ಬೋರಲು ಹಾಕಿ, ಗೋಡೆಗೆ ಮುಖ ಮಾಡಿ ಹತ್ತು ನಿಮಿಷ ಕೂರುತ್ತಿದ್ದ. ಬೆಳಗಿನಿಂದ ಮುಟ್ಟಿದ ಒಂದೊಂದು ನಟ್ಟನ್ನೂ ಮನಸ್ಸಿನಲ್ಲೇ ಮತ್ತೆ ಬಿಗಿಯುವನು. ಎಲ್ಲಿ ತಪ್ಪಿದನೋ ಅದನ್ನು ಬೀರುವಿನ ಬಾಗಿಲ ಒಳಬದಿಗೆ ಮೊಳೆಯಲ್ಲಿ ಕೆರೆದು, ಬೀಗ ಹಾಕುವನು.

"ಏನಣ್ಣಾ, ಗೋಡೆ ಜೊತೆ ಮಾತುಕತೆ ಮುಗೀತಾ?" ತಮ್ಮ ಅಣಕಿಸುವನು.

"ನೀನೂ ಒಂದ್ಸಲ ಕೂತು ನೋಡೋ."

"ನನಗೆ ಬೆನ್ನುನೋವು."

ಮೂರು ವರ್ಷದ ಹಿಂದೆ ಡ್ರೈವರನ ವ್ಯಾನಿಗೆ ಚಕ್ರ ಹಾಕಿದವನು ತಮ್ಮ. ನಟ್ಟು ಕಳಚದಂತೆ ಹಿಡಿಯುವ ಪಿನ್ನು ಹಾಕಲು ಮರೆತ. ಚಕ್ರ ಹಾರಿತು, ಕಾಲು ಹೋಯಿತು. ಆಮೇಲೆ ಅಂಗಿ ಒಗೆಯುವಾಗ ಪಿನ್ನು ತಮ್ಮನಿಗೆ ತನ್ನ ಜೇಬಿನಲ್ಲೇ ಸಿಕ್ಕಿತು. ಬಾಯಿ ಬಿಡಲಿಲ್ಲ. ಬೀದಿಯವರೆಲ್ಲ ಅಣ್ಣನ ಮುಖಕ್ಕೆ ಉಗಿಯುವಾಗ ಪಕ್ಕದಲ್ಲೇ ನಿಂತು ಚಪ್ಪಲಿ ನೋಡಿಕೊಂಡಿದ್ದ.

*

ಕೀಲಿ ತಿರುಗಿತು. ಅತ್ತಿಗೆ ಅಂಗಿಯನ್ನು ಎದೆಗವಚಿಕೊಂಡು ಹೊರಗೆ ಹೋದಳು. ಡ್ರೈವರ್ ಕುಂಟುತ್ತ ಬಂದು, ಬಾಗಿಲ ಮೇಲೆ ಬೆರಳಿಟ್ಟು ತಾರೀಖು ಹುಡುಕಿದ.

"ಇಲ್ಲಿದೆ ನನ್ನ ಕಾಲು. 'ವ್ಯಾನು ಬಿಡುವ ಮುಂಚೆ ನಾನು ಚಕ್ರ ಮುಟ್ಟಿ ನೋಡಲಿಲ್ಲ.' ಇಷ್ಟೇನಾ?"

ತಮ್ಮ ತನ್ನ ಹೆಸರು ಹುಡುಕಿದ. ಎಲ್ಲೂ ಇರಲಿಲ್ಲ. ಬಾಗಿಲ ತುಂಬ ಇರುವೆ ನುಸುಳಲೂ ಸಂದಿಯಿಲ್ಲದಂತೆ ಒತ್ತಿ ಬರೆದಿದ್ದ ಅಣ್ಣ, ಆ ದಿನದ ಸಾಲಿನ ಕೆಳಗೆ ಮಾತ್ರ ಇನ್ನೊಂದು ಸಾಲಿನಷ್ಟು ಜಾಗ ಬಿಟ್ಟಿದ್ದ.

"ಇದ್ಯಾಕೆ ಖಾಲಿ?" ಡ್ರೈವರ್ ಕೇಳಿದ.

ತಮ್ಮನಿಗೆ ಸಿಟ್ಟು ನೆತ್ತಿಗೇರಿತು. ಗೊತ್ತಿತ್ತು ಅಣ್ಣನಿಗೆ. ಕೆನ್ನೆಗೆ ಎರಡು ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು; ಜಾಗ ಬಿಟ್ಟು ಹೋಗಿದ್ದಾನೆ, ಪುಣ್ಯಾತ್ಮ.

"ಬನ್ರಪ್ಪಾ, ಎತ್ತೋಣ," ಹೊರಗಿನಿಂದ ಯಾರೋ ಕರೆದರು.

ತಮ್ಮ ಬೀರುವಿನಲ್ಲಿದ್ದ ಅಣ್ಣನ ಮೊಳೆ ಎತ್ತಿಕೊಂಡ. ಖಾಲಿ ಜಾಗದಲ್ಲಿ ತಗಡು ಕಿರ್ರೆಂದಿತು. ಡ್ರೈವರ್ ಒಂದೊಂದೇ ಅಕ್ಷರ ಓದುತ್ತ ನಿಂತ.

ಪೆಟ್ಟಿಗೆ ಹೊತ್ತ ತಮ್ಮನ ಉಗುರುಸಂದಿಯಲ್ಲಿ ಹಸಿರು ಬಣ್ಣದ ಚೂರು ಸಿಕ್ಕಿಕೊಂಡಿತ್ತು. ಬೆನ್ನ ಹಿಂದೆಯೇ ಊರುಗೋಲು ಟಕ್ ಟಕ್ ಎನ್ನುತ್ತ ಬರುತ್ತಿತ್ತು. ಅವನು ನಿಂತರೆ ಅದೂ ನಿಲ್ಲುತ್ತಿತ್ತು.