ಮಗ್ಗದ ಎಣ್ಣೆ

ಹರಿತಾ ಮುಂದಿನ ಬ್ರೇಕಿನ ಹಿಡಿಯನ್ನು ಇದ್ದ ಬಲವೆಲ್ಲ ಹಾಕಿ ಅದುಮಿದಳು. ಹಿಡಿ ಗಟ್ಟಿಯಾಗಿಯೇ ಇತ್ತು, ಚಕ್ರ ಮಾತ್ರ ಕೇಳಲಿಲ್ಲ. ಎದುರಿಗೆ ಕುಂದುರ್ಪಿಯ ಇಳಿಜಾರು, ಇಳಿಜಾರಿನ ತುಂಬ ಕುರಿ. ಹಿಂದಿನ ಬ್ರೇಕು ತುಳಿದಳು, ಗೇರು ಇಳಿಸಿದಳು, ಎಡಗಾಲನ್ನು ರಸ್ತೆಗೆ ಉಜ್ಜಿದಳು. ಬೈಕು ಕೊನೆಯ ಕುರಿಯ ಹಿಂಭಾಗಕ್ಕೆ ಮೆಲ್ಲಗೆ ತಾಕಿ ನಿಂತಿತು. ಕುರಿ ತಿರುಗಿ ನೋಡಿ ಮುಂದೆ ನಡೆಯಿತು.

ಕುರಿ ಕಾಯುವವನು ಕೋಲು ಊರಿ ನಿಂತ. "ಏನ್ ಯಜಮಾನ್ರೇ, ಹುಡ್ಗಿ ಕೈಗೆ ಪ್ರಾಣ ಕೊಟ್ಬುಟ್ಟು ಹಿಂದ್ ಕೂತಿದ್ದೀರಲ್ಲ! ನನ್ ಕುರೀನೂ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?"

ಹಿಂದೆ ಕೂತಿದ್ದ ಅಪ್ಪ ಓಬಳೇಶಪ್ಪ ಎದೆಗವಚಿದ್ದ ಸೀರೆಗಂಟನ್ನು ಸಡಿಲಿಸಲಿಲ್ಲ. "ಹೊಸ ಕೈ ಕಣಪ್ಪ," ಎಂದ.

ಹೊಸ ಕೈಯೇನಲ್ಲ. ಹಿಂದೂಪುರದ ಬೀದಿಗಳಲ್ಲಿ, ಪರಿಗಿಯ ದಾರಿಯಲ್ಲಿ ವರ್ಷಗಳಿಂದ ಅವಳು ಇದೇ ಗಾಡಿ ಓಡಿಸಿದ್ದಳು. ಅಪ್ಪ ಅದರ ಮೇಲೆ ಕೂತದ್ದು ಮಾತ್ರ ಇದೇ ಮೊದಲು. ನೇಯ್ದ ಸೀರೆಯನ್ನು ಅಂಗಡಿಯವರಿಗೆ ಹಾಕುವುದು ಬೇಡ, ಕಲ್ಯಾಣದುರ್ಗದ ಮದುವೆ ಮನೆಗಳಿಗೆ ನಾನೇ ಒಯ್ದು ಕೊಡುತ್ತೇನೆ ಎಂದು ಅವಳು ಬಹಳ ದಿನದಿಂದ ಹೇಳುತ್ತಿದ್ದಳು. ಒಂದು ಸಲ ಜೊತೆಗೆ ಬಂದು ನೋಡುತ್ತೇನೆ, ಆಮೇಲೆ ತೀರ್ಮಾನ ಎಂದಿದ್ದ ಅಪ್ಪ. ಇವತ್ತು ಲಕ್ಷ್ಮೀಕಾಂತ್ ಅವರ ಮದುವೆ ಮನೆಗೆ ಸೀರೆ ಒಯ್ಯುವುದಿತ್ತು. ಬಂದ. ನೋಡಿದ್ದು ಇದನ್ನು.

ಬೆಳಿಗ್ಗೆ ಹೊರಟಾಗಲೇ ಬ್ರೇಕು ಸರಿಯಾಗಿ ಕಚ್ಚುತ್ತಿಲ್ಲ ಅನಿಸಿತ್ತು. ಹಿಂದಿನ ದಿನ ತೊಳೆದ ನೀರು ಇನ್ನೂ ಆರಿಲ್ಲವೇನೋ ಅಂದುಕೊಂಡಿದ್ದಳು.

ಕುಂದುರ್ಪಿಯ ಬಸ್ ನಿಲ್ಲುವ ಜಾಗದ ಪಕ್ಕ ನಟರಾಜನ ಮೆಕ್ಯಾನಿಕ್ ಶೆಡ್ಡು. ಅವನು ಮುಂದಿನ ಚಕ್ರದ ಡಿಸ್ಕಿನ ಮೇಲೆ ಬೆರಳಾಡಿಸಿದ, ಪ್ಯಾಡುಗಳನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯಬೇಕಾದ ಆ ಬಿಲ್ಲೆಗಳು ಕಪ್ಪಗೆ ಮಿರುಗುತ್ತಿದ್ದವು.

"ಯಾರಮ್ಮ ಇದಕ್ಕೆ ಎಣ್ಣೆಸ್ನಾನ ಮಾಡ್ಸಿದ್ದು? ತಲೆಗೆ ಹಚ್ಕೊಂಡು ಮಿಕ್ಕಿದ್ದು ಗಾಡಿಗೂ ಹಚ್ಬುಟ್ರಾ?"

ಅಪ್ಪನೂ ನಕ್ಕ.

ಹರಿತಾ ಒಂದು ಪ್ಯಾಡನ್ನು ಮೂಗಿನ ಹತ್ತಿರ ಹಿಡಿದಳು. ಮಗ್ಗದ ಎಣ್ಣೆ. ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ. ಮನೆಯಲ್ಲಿ ಬಾಗಿಲು ಕಿರುಗುಟ್ಟಲಿ, ತೊಟ್ಟಿಲ ಸರಪಳಿ ಕಿರುಗುಟ್ಟಲಿ, ಅಪ್ಪ ಉದ್ದ ಮೂತಿಯ ಆ ಡಬ್ಬಿ ಹಿಡಿದು ಬರುತ್ತಿದ್ದ. ಮಗ್ಗದ ಸದ್ದು ಬದಲಾದರೆ ಎಲ್ಲೋ ಎಳೆ ಕಡಿಯುತ್ತಿದೆ ಎಂದೇ ಅರ್ಥ. ಅವನಿಗೆ ಸದ್ದೇ ಒಂದು ರೋಗ.

ಶೆಡ್ಡಿನ ಪಕ್ಕದ ಟೀ ಅಂಗಡಿಯ ಬೆಂಚಿನಲ್ಲಿ ಅಪ್ಪನ ಪಕ್ಕ ಕೂತು ಕೇಳಿದಳು. "ಎಣ್ಣೆ ಬಿಟ್ಟಿದ್ದು ನೀನೇನಾ?"

"ಎರಡು ತೊಟ್ಟು ಕಣಮ್ಮ. ನೀನು ಬೀದಿಗ್ ಬಂದ್ರೆ ಸಾಕು, ಚಕ್ರ ಕಿರ್ ಅಂತಿತ್ತು. ಜನ ಎಲ್ಲ ತಿರುಗ್ ನೋಡೋರು."

"ಬ್ರೇಕಿಗೆ ಯಾರಾದ್ರೂ ಎಣ್ಣೆ ಬಿಡ್ತಾರಾ?"

"ನಂಗೇನ್ ಗೊತ್ತು? ಸದ್ದು ನಿಂತೋಯ್ತಲ್ಲ."

"ಸದ್ದು ನಿಂತೋಯ್ತು, ಗಾಡಿ ನಿಲ್ಲಲಿಲ್ಲ. ಹೋಗಿ ಅವನಿಗೆ ಹೇಳು, ಬಿಟ್ಟಿದ್ದು ನಾನು ಅಂತ."

ಅಪ್ಪ ಟೀ ಊದಿದ. "ಈ ವಯಸ್ಸಲ್ಲಿ ಅವನ ಕೈಲಿ ನಗ್ಸಿಕೊಳ್ಳಲಾ? ನೀನ್ ಬಿಟ್ಟೆ ಅಂದ್ರೆ ಪರವಾಗಿಲ್ಲ. ಹುಡ್ಗಿ, ಗೊತ್ತಾಗಲಿಲ್ಲ ಅಂತಾರೆ."

ಅದನ್ನೇ ಅನ್ನುತ್ತಾರೆ ಎಂದು ಅವಳಿಗೂ ಗೊತ್ತಿತ್ತು.

ನಟರಾಜ್ ಪ್ಯಾಡುಗಳ ಮೇಲೆ ಪೆಟ್ರೋಲು ಸುರಿದು ಕಡ್ಡಿ ಗೀರಿದ. ಕಪ್ಪು ಹೊಗೆ ಎದ್ದಿತು. ಆರಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಜೋಡಿಸಿ, "ಹಿಡೀತದೆ, ಹೋಗ್ರಿ," ಎಂದ. ಹೊತ್ತಾಯಿತು ಎಂದು ಅಪ್ಪ ಎದ್ದೇಬಿಟ್ಟ. ಹರಿತಾ ಒಬ್ಬಳೇ ಗಾಡಿ ಹತ್ತಿ ಊರಾಚೆಗೆ ಹೋಗಿ ಬಂದಳು. ಮೊದಮೊದಲು ಬ್ರೇಕು ಚೆನ್ನಾಗಿಯೇ ಕಚ್ಚಿತು. ನಾಲ್ಕಾರು ಸಲ ಹಿಡಿದು ಡಿಸ್ಕು ಬಿಸಿಯಾಗುತ್ತಲೇ ಮತ್ತೆ ಅದೇ ಜಾರಾಟ.

"ಪ್ಯಾಡು ಬಿಸಿಯಾದ್ರೆ ಎಣ್ಣೆ ಬೆವರ್ತಾ ಇದೆ ಅಣ್ಣ. ರೇಷ್ಮೆ ಮೇಲೆ ಎಣ್ಣೆ ಕಲೆ ಆದ್ರೂ ಹಿಂಗೇ. ಪೌಡರ್ ಹಾಕಿದ್ರೆ ಹೋದಂಗೆ ಇರ್ತದೆ, ಇಸ್ತ್ರಿ ಇಟ್ಟ ತಕ್ಷಣ ಮೇಲಕ್ ಬತ್ತದೆ."

ನಟರಾಜ್ ಕತ್ತು ಕೆರೆದುಕೊಂಡ. "ಪ್ಯಾಡು ಒಳಕ್ಕೇ ಕುಡ್ಕೊಂಬಿಟ್ಟದೆ. ಹಂಗಾದ್ರೆ ಹೊಸದೇ ಆಗ್ಬೇಕು. ಕಲ್ಯಾಣದುರ್ಗದಿಂದ ಬಸ್ಸಿಗೆ ಹಾಕಿಸ್ತೀನಿ, ಕಾಯ್ರಿ." ಫೋನು ಕಿವಿಗಿಟ್ಟು, ಊರಿಗೆಲ್ಲ ಕೇಳುವಂತೆ: "ಇಲ್ಲೊಬ್ಳು ಹಿಂದೂಪುರದ ಹುಡ್ಗಿ, ಡಿಸ್ಕಿಗೆ ಎಣ್ಣೆ ಹಚ್ಕೊಂಡ್ ಬಂದವ್ಳೆ ಕಣ್ಲಾ!"

ಬಸ್ಸಿಗಾಗಿ ಕಾಯುತ್ತ ಹರಿತಾ ಬೇವಿನ ಮರದ ಕೆಳಗೆ ಕೂತಳು. ಜನ ತಿರುಗಿ ನೋಡಲಿ ಎಂದೇ ವಾರಗಟ್ಟಲೆ ಕೂತು ಸೀರೆಯ ಅಂಚು ನೇಯುವ ಮನುಷ್ಯ ಅಪ್ಪ. ಮಗಳನ್ನು ಮಾತ್ರ ಯಾರೂ ತಿರುಗಿ ನೋಡಬಾರದು. ಎಣ್ಣೆ ಬಿಟ್ಟದ್ದು ಅವಳಿಗಾಗಿಯೋ, ತನಗಾಗಿಯೋ? ಮಂಡಿ ನೋವಿನಲ್ಲೂ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ತೊಟ್ಟು ನೆಲಕ್ಕೆ ಬೀಳದ ಹಾಗೆ ಬಿಟ್ಟಿರುತ್ತಾನೆ. ಅದನ್ನು ನೆನೆದರೆ ಸಿಟ್ಟು ಬರುತ್ತಿರಲಿಲ್ಲ. 'ಹೊಸ ಕೈ' ಎಂದದ್ದು ನೆನೆದರೆ ಬರುತ್ತಿತ್ತು. ಅತ್ತ ಅಪ್ಪ ಗಂಟಿನ ಮೇಲೆ ಕೈಯಿಟ್ಟು ಬೆಂಚಿನಲ್ಲೇ ತೂಕಡಿಸುತ್ತಿದ್ದ.

ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲೇ ನೇತಾಡುತ್ತ ಪೊಟ್ಟಣ ಎತ್ತಿ ಹಿಡಿದ. "ಏಮ್ಮಾ, ಡಿಸ್ಕಿಗೆ ಎಣ್ಣೆ ಹಚ್ಚಿದ ಮೇಡಂ ಎಕ್ಕಡ? ನಮ್ಮನೇಲಿ ದೋಸೆ ಹೆಂಚಿಗೂ ಇಷ್ಟು ಹಚ್ಚಲ್ಲ!"

ಬಸ್ಸಿನ ಕಿಟಕಿಗಳೆಲ್ಲ ನಕ್ಕವು. ಹರಿತಾ ಅಪ್ಪನ ಕಡೆ ನೋಡಿದಳು. ಎಚ್ಚರವಾಗಿದ್ದ ಅಪ್ಪ ಗಂಟಿನ ಹುರಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ನಟರಾಜ್ ಡಿಸ್ಕನ್ನು ಥಿನ್ನರಿನಲ್ಲಿ ಒರೆಸಿದ. ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಬಟ್ಟೆ ಬದಲಿಸುತ್ತ ಒರೆಸಿ, ಹೊಸ ಪ್ಯಾಡು ಕೂರಿಸಿದ. "ಮೊದ್ಲು ನಿಧಾನಕ್ಕೆ ಹೋಗ್ತಾ ಹಿಡ್ದು ಬಿಡು, ಹಿಡ್ದು ಬಿಡು. ಒಂದಕ್ಕೊಂದು ಹೊಂದ್ಕೊಬೇಕು." ಅವಳು ಅದೇ ಇಳಿಜಾರನ್ನು ಹತ್ತಿ, ಇಳಿದು, ಮತ್ತೆ ಹತ್ತಿ ಇಳಿದಳು. ಡಿಸ್ಕಿನ ಹತ್ತಿರ ಅಂಗೈ ಒಡ್ಡಿದರೆ ಕಾವು ತಾಕುವಷ್ಟಾದಾಗಲೂ ಗಾಡಿ ಅಂದುಕೊಂಡಲ್ಲಿ ನಿಂತಿತು.

ವಾಪಸು ಬಂದಾಗ ಅಪ್ಪ ರಸ್ತೆಯಂಚಿಗೆ ಬಂದು ಕೈ ಚಾಚಿದ. ಒಂದು ಕಾಲದಲ್ಲಿ ಹಳೆಯ ಮೊಪೆಡ್ಡಿನಲ್ಲಿ ನೂಲು ಸಾಗಿಸಿದ ಕೈ.

"ಬೀಗದ ಕೈ ಕೊಡಮ್ಮ. ಇಲ್ಲಿಂದ ನಾನ್ ಹೊಡೀತೀನಿ."

"ಯಾಕೆ? ಈಗ ಹಿಡೀತಾ ಇದೆ."

"ಹಿಡೀತದೆ, ನೋಡ್ದೆ. ಬಸ್ಸಿನೋರ್ ಬಾಯಿಗೆ ಬಿದ್ದ ಮಾತು ಕಲ್ಯಾಣದುರ್ಗದಲ್ಲಿ ಸುಮ್ನೆ ಇರ್ತದಾ? ಲಕ್ಷ್ಮೀಕಾಂತ್ ಅವರ ಮದುವೆ ಮನೆ ಮುಂದೆ ನೀನ್ ಹೊಡ್ಕೊಂಡ್ ಹೋಗಿ ನಿಂತ್ರೆ, ಅವ್ಳೇ ಇವ್ಳು ಅಂತಾರೆ." ಅಪ್ಪ ಶೆಡ್ಡಿನ ಕಡೆ ನೋಡಿ ದನಿ ತಗ್ಗಿಸಿದ. "ಎಣ್ಣೆ ಬಿಟ್ಟಿದ್ದು ನಾನು ಅಂತ ನಾನೇ ಹೇಳ್ತೀನಿ. ಇವನಿಗೂ ಹೇಳ್ತೀನಿ, ಅಲ್ಲೂ ಹೇಳ್ತೀನಿ. ನಿನ್ ಮೇಲೆ ಒಂದ್ ಮಾತೂ ಬರಲ್ಲ. ಇದೊಂದ್ ಸಲ ಗಂಟು ಹಿಡ್ಕೊಂಡು ಹಿಂದೆ ಕೂತ್ಕೋ."

ಬೆಳಗಿನಿಂದ ಅವಳು ಅವನ ಬಾಯಲ್ಲಿ ಕೇಳಬೇಕೆಂದಿದ್ದ ಮಾತು ಅದೇ, ಅದರ ಬೆಲೆ ಮಾತ್ರ ಹಿಂದಿನ ಸೀಟು. ಅವನ ಮುಖದಲ್ಲಿ ಮೋಸವಿರಲಿಲ್ಲ, ದಣಿವಿತ್ತು. ಗಂಟನ್ನು ಅವಳತ್ತ ನೀಡಿ ನಿಂತಿದ್ದ.

"ಇಲ್ಲಪ್ಪ," ಎಂದಳು ಹರಿತಾ. "ಹಿಂದೆ ಕೂತ್ಕಳಲ್ಲ."