ಕೌದಿ ಹೊದ್ದ ಕಂಪ್ಯೂಟರ್

"ಆಕಿ ಮನ್ಯಾಗಿನ ಕಂಪ್ಯೂಟರ್ ಯಾಕ ಕೆಡಂಗಿಲ್ಲ?"

ಸಾವಿತ್ರೆವ್ವ ಯಾರನ್ನೂ ಕೇಳಿದ್ದಲ್ಲ. ಕೈಯಲ್ಲಿ ಕಸಬರಿಗೆ ಇತ್ತು, ಕಣ್ಣು ನಡುಗೋಡೆಯ ಮೇಲಿತ್ತು. ಗೋಡೆ ಏನು ಹೇಳೀತು?

ಗೋಡೆಯ ಆಚೆ ಅವಳ ಮೈದುನನ ಹೆಂಡತಿ ತಾರವ್ವನ ಮನೆ. ರಬಕವಿಯ ಆ ನೇಕಾರರ ಓಣಿಯಲ್ಲಿ ಒಂದೇ ಇದ್ದ ಮನೆ, ಅಣ್ಣತಮ್ಮಂದಿರು ಬೇರೆಯಾದಾಗ ಎರಡಾಯಿತು. ಮಗ್ಗ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು, ಜಗಲಿಯ ಮೇಲಿನ ದೇವರನ್ನೂ ಹಂಚಿಕೊಂಡರು. ಹೊಟ್ಟೆಕಿಚ್ಚು ಮಾತ್ರ ಪಾಲಾಗದೆ ಪೂರಾ ಸಾವಿತ್ರೆವ್ವನ ಕಡೆಗೇ ಉಳಿಯಿತು.

ತಾರವ್ವನ ಸೊಸೆ ವೈಶಾಲಿ ಜಮಖಂಡಿಯವಳು. ಮದುವೆಗೆ ಮುಂಚೆ ಅಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಗಂಡನ ಮನೆಗೆ ಬಂದವಳು ಸೀರೆಯ ದಡಿಗೆ ಹೂವು, ಬಳ್ಳಿ, ನವಿಲು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಬರೆದಳು. ಅದನ್ನು ನೋಡಿ, ಮಗ್ಗಕ್ಕೆ ಹೂವಿನ ಗುರುತು ಹೇಳುವ ರಟ್ಟಿನ ಕಾರ್ಡಿಗೆ ತೂತು ಹೊಡೆಸಿದರು, ಕಾರ್ಡು ಮಗ್ಗಕ್ಕೆ ಏರಿತು, ಸೀರೆ ಪೇಟೆಗೆ ಹೋಯಿತು. ತಾರವ್ವನ ಮನೆಗೆ ಗಿರಾಕಿ ಹೆಚ್ಚಾದರು. ಸಾವಿತ್ರೆವ್ವನಿಗೆ ನಿದ್ದೆ ಕಡಿಮೆಯಾಯಿತು.

ಹಟಕ್ಕೆ ಬಿದ್ದು ತಾನೂ ಒಂದು ಕಂಪ್ಯೂಟರ್ ತರಿಸಿ, ಮಗ್ಗದ ಮನೆಯ ಮೂಲೆಯಲ್ಲಿ ಇಡಿಸಿದಳು. ಅದೋ ಆಗಾಗ ಕೆಟ್ಟು ನಿಲ್ಲುತ್ತಿತ್ತು. ಮಗಳು ಕಾವ್ಯ ಜಾಣೆ. ಕಾಲೇಜು ಮುಗಿಸಿ ಬಂದು ಸಂಜೆಯೆಲ್ಲ ಕುಳಿತು ಮದುವೆ ಹಂಗಾಮಿಗೆಂದು ಹೊಸ ದಡಿ ಬರೆಯುತ್ತಿದ್ದಳು: ಜೋಳದ ತೆನೆ, ತೆನೆಯ ಮೇಲೆ ಗಿಳಿ. ಲೋಕಾಪುರದ ಸೀರೆ ವ್ಯಾಪಾರಿ ಗುರುವಾರ ನೋಡಲು ಬರುವವನಿದ್ದ. ಅವನು ಮೆಚ್ಚಿದರೆ ಈ ವರ್ಷದ ಕೆಲಸವೆಲ್ಲ ಗೋಡೆಯ ಈಚೆಗೆ!

ನೇಕಾರರಲ್ಲಿ ಒಂದು ರೂಢಿ ಉಂಟು. ಮನೆಗೆ ಇನ್ನೊಬ್ಬ ನೇಕಾರ ಬಂದರೆ ಮಗ್ಗದ ಮೇಲೆ ಬಟ್ಟೆ ಎಳೆದುಬಿಡುತ್ತಾರೆ. ಹೊಸ ದಡಿಯ ಮೇಲೆ ಕಣ್ಣು ಬಿತ್ತೋ, ನಾಳೆ ಅದೇ ದಡಿ ಅವನ ಮಗ್ಗದ ಮೇಲೂ ಇದ್ದೀತು. ಸಾವಿತ್ರೆವ್ವ ಈ ರೂಢಿಯನ್ನು ಕಂಪ್ಯೂಟರಿಗೂ ಹಚ್ಚಿದಳು. ವೈಶಾಲಿಯ ಕಾಲ್ಗೆಜ್ಜೆ ಕೇಳಿದರೆ ಸಾಕು, ನಾಲ್ಕು ಪದರಿನ ಕೌದಿ ತಂದು ಪರದೆ, ಡಬ್ಬಿ ಎರಡನ್ನೂ ತಲೆಯಿಂದ ಕಾಲಿನವರೆಗೆ ಹೊದಿಸಿಬಿಡುವಳು.

"ಅವ್ವಾ, ಚಾಲೂ ಇದ್ದಾಗ ಮುಚ್ಚಬ್ಯಾಡಬೇ. ಅದಕ್ಕ ಉಸರ ಕಟ್ಟತೈತಿ," ಎಂದಳು ಕಾವ್ಯ.

"ಕಟ್ಟಲಿ. ಆಕಿ ಕಣ್ಣ ಹತ್ತೂದಕ್ಕಿಂತ ಛಲೋ."

ಒಂದು ದಿನ ಮೊಸರಿಗೆ ಹೆಪ್ಪು ಕೇಳಲು ಬಂದ ವೈಶಾಲಿ ಕೌದಿಯ ಮೇಲೆ ಕೈಯಿಟ್ಟು ನೋಡಿದಳು. "ದೊಡ್ಡತ್ತಿ, ಮೈ ಸುಡಾಕತ್ತೈತಲ್ಲರಿ ಇದಕ್ಕ. ಥಂಡಿ ಆಗೈತೇನು?"

"ದೃಷ್ಟಿ ಆಗೈತಿ," ಎಂದಳು ಸಾವಿತ್ರೆವ್ವ.

ವೈಶಾಲಿ ನಕ್ಕಳು, ಆದರೆ ಹೋಗಲಿಲ್ಲ. "ಒಂದ ಮಾತ ಹೇಳ್ತೇನ್ರಿ, ಸಿಟ್ಟ ಆಗಬ್ಯಾಡ್ರಿ. ಕಾವ್ಯಾ ಬರದಿದ್ದನ್ನ ಒಂದು ಪೆನ್ ಡ್ರೈವಿಗೆ ಇನ್ನೊಂದು ಪ್ರತಿ ಹಾಕಿ ಇಡ್ರಿ. ಕಂಪ್ಯೂಟರ್ ಇವತ್ತ ಇದ್ದದ್ದು ನಾಳೆ ಇರಂಗಿಲ್ಲ."

"ನಮ್ಮ ದಡಿ ಒಂದ ಕಡೆ ಇದ್ರ ಸಾಕು. ಎರಡು ಕಡೆ ಇದ್ರ ಮೂರನೇ ಮನಿಗೆ ಹೋಗಾಕ ಎಷ್ಟ ಹೊತ್ತು? ತಗೋ ನಿನ್ನ ಹೆಪ್ಪು."

ಮಂಗಳವಾರ ಮಧ್ಯಾಹ್ನ ಕಾವ್ಯ ಕಂಪ್ಯೂಟರ್ ಚಾಲೂ ಬಿಟ್ಟೇ ಕಾಲೇಜಿಗೆ ಹೋದಳು. ಬಂದು ಗಿಳಿಯ ಕೊಕ್ಕೊಂದು ತಿದ್ದಿದರೆ ಕೆಲಸ ಮುಗಿಯುತ್ತಿತ್ತು. ಅಷ್ಟರಲ್ಲಿ ತಾರವ್ವ, ವೈಶಾಲಿ ಇಬ್ಬರೂ ಬಂದು ಕುಳಿತರು. ಕೌದಿ ಬಿತ್ತು. ತಾರವ್ವ ತನ್ನ ಸೀರೆ ಬಾಡಗಂಡಿಯವರೆಗೂ ಹೋದ ಸುದ್ದಿ ಹೇಳಿದಳು, ಮುಧೋಳದ ನೆಂಟರು ಹೊಗಳಿದ ಸುದ್ದಿ ಹೇಳಿದಳು. ಸಾವಿತ್ರೆವ್ವ ಹೂಂ ಎನ್ನುತ್ತ ಒಳಗೇ ಕುದಿದಳು. ಅವರು ಎದ್ದು ಹೋಗಿ ಎಷ್ಟೋ ಹೊತ್ತಾದರೂ ಆ ಕುದಿತ ಆರಲಿಲ್ಲ, ಕೌದಿಯ ನೆನಪೂ ಆಗಲಿಲ್ಲ.

ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಎಚ್ಚರ. ಓಡಿ ಹೋಗಿ ಕೌದಿ ಕಿತ್ತೆಸೆದರೆ ಪರದೆ ಕಪ್ಪಾಗಿತ್ತು. ಮಗ್ಗದ ಸ್ವಿಚ್ ಹೊಡೆದಂತೆ ಅದರ ಸ್ವಿಚ್ ಹೊಡೆದಳು, ಮತ್ತೆ ಹೊಡೆದಳು. ಉಸಿರಿಲ್ಲ.

ಕಾವ್ಯ ಬಂದು ನೋಡಿದವಳು ಗಟ್ಟಿಯಾಗಿ ಅಳಲಿಲ್ಲ. ಚೀಲವನ್ನೂ ಇಳಿಸದೆ ನೆಲಕ್ಕೆ ಕುಳಿತುಬಿಟ್ಟಳು. ತಾಯಿಗೆ ಅದನ್ನು ನೋಡುವುದೇ ಕಷ್ಟವಾಯಿತು.

"ಬೆಂಕಿ ನಿನ್ನ ಹೊಟ್ಟ್ಯಾಗ, ಸುಟ್ಟದ್ದು ಡಬ್ಬಿ," ಎಂದ ಗಂಡ ಮುರಗೆಪ್ಪ. ಜಮಖಂಡಿಯ ರಿಪೇರಿ ಅಂಗಡಿಗೆ ಫೋನ್ ಹಚ್ಚಿದ. ಡಬ್ಬಿ ಬಿಟ್ಟು ಹೋಗಿ, ಮುಂದಿನ ವಾರ ನೋಡೋಣ ಎಂದರು. ಗುರುವಾರ ನಾಡಿದ್ದೇ ಇತ್ತು.

"ವೈಶಾಲಿ ವೈನಿನ್ನ ಕರೀತೇನಿ," ಎಂದಳು ಕಾವ್ಯ.

"ಕರೀಬ್ಯಾಡ," ಎಂದಳು ಸಾವಿತ್ರೆವ್ವ.

ಮರುದಿನ ಬೆಳಿಗ್ಗೆ ಸಾವಿತ್ರೆವ್ವ ದೇವರ ಜಗಲಿಯ ಮುಂದೆ ದೀಪ ಹಚ್ಚಿ, ವಿಭೂತಿ ಧರಿಸಿ ಕುಳಿತಳು. ಶಿವನೇ, ಬೇರೆ ದಾರಿ ತೋರಿಸು ಎಂದು ಬೇಡಿಕೊಂಡಳು. ಕಣ್ಣು ಬಿಟ್ಟರೆ ಕಂಡದ್ದು ನಡುಗೋಡೆಯ ಬಾಗಿಲು. ಎದ್ದಳು, ಸೆರಗು ಸರಿ ಮಾಡಿಕೊಂಡಳು, ತಾನೇ ಹೋಗಿ ಆ ಬಾಗಿಲು ಬಡಿದಳು.

ವೈಶಾಲಿ ಒಂದು ಸ್ಕ್ರೂ ಡ್ರೈವರ್, ಬಣ್ಣ ಬಳಿಯುವ ಒಂದು ಮೆತ್ತನೆಯ ಬ್ರಷ್ ಹಿಡಿದು ಬಂದಳು. ಮೊದಲು ವೈರ್ ಕಿತ್ತಿದ್ದಾರೋ ಇಲ್ಲವೋ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಮಗ್ಗದಿಂದ ಹಾರಿ ಬಂದ ನೂಲಿನ ಧೂಳು ಅರಳೆಯಂತೆ ಮೆತ್ತೆ ಮೆತ್ತೆಯಾಗಿ ಕೂತಿತ್ತು.

"ಇಷ್ಟ ಅರಳಿ ಇದ್ರ ಕೂಸಿಗೊಂದು ತಲಿದಿಂಬ ಆಗ್ತೈತ್ರಿ. ಇಲ್ಲಿ ನೋಡ್ರಿ, ಈ ಪುಟ್ಟ ಫ್ಯಾನ್ ತಿರಗಿದ್ರನ ಕಂಪ್ಯೂಟರಿಗೆ ಗಾಳಿ. ಫ್ಯಾನಿಗೆ ಅರಳಿ ಮೆತ್ತೈತಿ, ಮ್ಯಾಲೆ ನಿಮ್ಮ ಕೌದಿ. ಪಾಪ, ಏನ ಮಾಡೀತು?"

ಸಾವಿತ್ರೆವ್ವ ಇಷ್ಟು ದಿನ ಗೋಡೆಯನ್ನು ಕೇಳುತ್ತಿದ್ದುದನ್ನು ಈಗ ಬಾಯಿ ಬಿಟ್ಟೇ ಕೇಳಿದಳು. "ನಿಮ್ಮನ್ಯಾಗೂ ಮಗ್ಗ ಅದಾವ. ನಿಂದ್ಯಾಕ ಕೆಡಂಗಿಲ್ಲ?"

"ಮಗ್ಗದ ಮನ್ಯಾಗ ಇಟ್ಟಿಲ್ರಿ ನಾ. ಪಡಸಾಲ್ಯಾಗ, ಗ್ವಾಡಿಗೆ ಒಂದು ಗೇಣ ಬಿಟ್ಟು ಇಟ್ಟೇನಿ. ಅಮಾಸಿಗೆ ಮಗ್ಗ ನಿಂತಿರತಾವಲ್ಲರಿ, ಅವತ್ತ ಬಂದ್ ಮಾಡಿ, ವೈರ್ ಕಿತ್ತಿ, ಧೂಳ ಝಾಡಸ್ತೇನಿ. ನೀವು ಮಗ್ಗದಂಗ ಖಟ್ ಅಂತ ಸ್ವಿಚ್ ಹೊಡೀತೀರಿ. ಹಂಗ ಮಾಡಿದ್ರ ಬರದದ್ದು ಅರ್ಧಕ್ಕ ಹರೀತೈತ್ರಿ. ಮೊದಲ ಪರದಿ ಮ್ಯಾಲೆ ಬಂದ್ ಮಾಡಬೇಕು, ಆಮ್ಯಾಲೆ ಸ್ವಿಚ್. ತಣ್ಣಗಾದ ಮ್ಯಾಲೆ ತೆಳ್ಳನ ಬಟ್ಟಿ ಹೊಚ್ರಿ, ಬ್ಯಾಡ ಅನ್ನಂಗಿಲ್ಲ."

"ನಮ್ಮ ಗಿಳಿ?" ಕಾವ್ಯ ನಡುವೆ ಬಾಯಿ ಹಾಕಿದಳು.

"ಬರದದ್ದೆಲ್ಲ ಈ ಡಿಸ್ಕಿನಾಗ ಇರತೈತಿ. ಇದು ಸುಟ್ಟಿರಲಿಕ್ಕಿಲ್ಲ. ನನ್ನ ಕಂಪ್ಯೂಟರಿಗೆ ಹಚ್ಚಿ ನೋಡಬೇಕು."

ಸಾವಿತ್ರೆವ್ವ ಕೌದಿಯ ಕಡೆ ನೋಡಿದಳು. ಯಾವ ಕಣ್ಣಿಗೆ ಬೀಳಬಾರದೆಂದು ಕೌದಿ ಹೊದಿಸಿದಳೋ, ಈಗ ಅದೇ ಕಣ್ಣಿನ ಮುಂದೆ, ಅದೇ ಮನೆಯ ಪರದೆಯ ಮೇಲೆ ತನ್ನ ದಡಿ ಬಿಚ್ಚಿಕೊಳ್ಳಬೇಕು! ಮಗಳ ಮುಖ ನೋಡಿದಳು. ವೈಶಾಲಿ ಬಿಚ್ಚಿಕೊಟ್ಟ ಡಿಸ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಎಳೆಗೂಸನ್ನು ಎತ್ತಿಕೊಂಡಂತೆ ತಾನೇ ಎತ್ತಿಕೊಂಡು ಗೋಡೆ ದಾಟಿದಳು.

ವೈಶಾಲಿ ವೈರ್ ಹಚ್ಚಿದಳು. ಪರದೆಯ ಮೇಲೆ ಡಿಸ್ಕಿನ ಹೆಸರು ಮೂಡಿದ ಕೂಡಲೇ ಕುರ್ಚಿಯಿಂದ ಎದ್ದಳು, ಕಾವ್ಯಳನ್ನು ಕೂರಿಸಿದಳು, ಹೋಗಿ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಳು.

"ನೀವ ತಗೀರಿ. ನಾ ನೋಡಂಗಿಲ್ಲ."

ಗಿಳಿ ಬಂತು. ತೆನೆ ಬಂತು. ಕಾಳೊಂದೂ ಉದುರಿರಲಿಲ್ಲ. ವೈಶಾಲಿ ನಿಂತಲ್ಲಿಂದಲೇ ಹೇಳಿದಂತೆ ಕಾವ್ಯ ಅದನ್ನು ಹೊಸ ಪೆನ್ ಡ್ರೈವಿಗೆ ಹಾಕಿದಳು, ಅದು ತೆರೆಯುತ್ತದೋ ಇಲ್ಲವೋ ಎಂದು ಒಮ್ಮೆ ತೆರೆದೂ ನೋಡಿದಳು.

"ನನ್ನ ಕಂಪ್ಯೂಟರಿನಾಗ ಒಂದು ಗೆರಿ ಸೈತ ಉಳಿಸಬ್ಯಾಡ, ಕಾವ್ಯಾ. ದೊಡ್ಡತ್ತಿ, ಈ ಸಲ ದೇವರು ನಡೆಸಿಕೊಟ್ಟಾನ್ರಿ. ಡಿಸ್ಕ ಸುಟ್ಟಿದ್ರ ನಾನೂ ಏನೂ ಮಾಡಾಕ ಆಗತಿರಲಿಲ್ಲ."

ಸಾವಿತ್ರೆವ್ವ ಬಾಗಿಲಲ್ಲಿ ನಿಂತ ಆ ಬೆನ್ನನ್ನೇ ನೋಡಿದಳು. ಕೌದಿಯಿಂದಲೂ ಆಗದ ಮರೆಯನ್ನು ಅದು ಮಾಡಿತ್ತು.

"ಏ ವೈಶಾಲಿ, ಈ ಕಡೆ ತಿರಗು. ಗಿಳಿ ಹೆಂಗ ಆಗೈತಿ ಹೇಳು."

ವೈಶಾಲಿ ತಿರುಗಿದಳು, ಬಗ್ಗಿ ನೋಡಿದಳು. "ಖರೆ ಹೇಳಲ್ರಿ? ಇದನ್ನ ನಾ ಬರೀಬೇಕಾಗಿತ್ತು ಅನಸಾಕತ್ತೈತಿ. ಹೊಟ್ಟೆಕಿಚ್ಚ ಆಗಾಕತ್ತೈತ್ರಿ."

ಇಷ್ಟು ಸಿಹಿಯಾದ ಮಾತನ್ನು ಸಾವಿತ್ರೆವ್ವ ಜನ್ಮದಲ್ಲಿ ಕೇಳಿರಲಿಲ್ಲ.

ಗುರುವಾರ ವ್ಯಾಪಾರಿ ಬಂದ, ಕಾವ್ಯ ಕೊಕ್ಕು ತಿದ್ದಿ ಕಾಗದದ ಮೇಲೆ ಇಳಿಸಿದ ದಡಿ ನೋಡಿದ, ಕಾರ್ಡು ಹೊಡೆಸಿರಿ ಎಂದ. ರಿಪೇರಿಯಾಗಿ ಬಂದ ಕಂಪ್ಯೂಟರ್ ಈಗ ಪಡಸಾಲೆಯಲ್ಲಿ ಉಸಿರಾಡುತ್ತಿದೆ. ಕೌದಿ ಮುರಗೆಪ್ಪನ ಹಾಸಿಗೆಗೆ ಹೋಗಿದೆ. ಪೆನ್ ಡ್ರೈವ್ ಒಂದು ಚಿಕ್ಕ ಡಬ್ಬಿಯಲ್ಲಿ ದೇವರ ಜಗಲಿಯ ಮೇಲಿದೆ. ಹೊಸದೇನು ಬರೆದರೂ ಅಂದೇ ಅದಕ್ಕೊಂದು ಪ್ರತಿ. ಸಾವಿತ್ರೆವ್ವನ ಹೊಟ್ಟೆಕಿಚ್ಚು ಪೂರ್ತಿ ಆರಿದೆಯೇ ಎಂದು ಕೇಳಬೇಡಿ. ಅದು ಅಷ್ಟು ಸುಲಭಕ್ಕೆ ಆರುವ ಕಿಚ್ಚಲ್ಲ.

ಕೇಳುತ್ತಿರುವ ಅಕ್ಕಂದಿರೇ, ಅವ್ವಂದಿರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಏನಿದೆ ಎಂದು ಒಮ್ಮೆ ನೆನೆಯಿರಿ. ಮಕ್ಕಳ ಓದು ಇದ್ದೀತು, ಮದುವೆಯ ಫೋಟೊ ಇದ್ದೀತು, ಇಲ್ಲದಾದ ಹಿರಿಯರ ದನಿ ಇದ್ದೀತು. ಯಂತ್ರ ಸುಟ್ಟರೆ ಇನ್ನೊಂದು ತಂದೀರಿ, ಅದನ್ನೆಲ್ಲಿಂದ ತರುವಿರಿ? ಅದಕ್ಕೆ ಗಾಳಿ ಬಿಡಿ, ಧೂಳು ತೆಗೆಯಿರಿ, ಇಂದೇ ಇನ್ನೊಂದು ಪ್ರತಿ ಮಾಡಿಡಿ. ಆ ಪ್ರತಿಯನ್ನು ಎರವಲು ಕೊಡಬೇಡಿ. ಊರೆಲ್ಲ ತಿರುಗಿದ ಪೆನ್ ಡ್ರೈವ್ ಊರಿನ ವೈರಸ್ಸನ್ನೆಲ್ಲ ಮನೆಗೆ ಹೊತ್ತು ತರುತ್ತದೆ, ಒಮ್ಮೊಮ್ಮೆ ಒಳಗಿದ್ದುದನ್ನು ಅಳಿಸಿಕೊಂಡೂ ಬರುತ್ತದೆ. ಇಲ್ಲ ಎನ್ನಲು ನಾಲಿಗೆ ಏಳದಿದ್ದರೆ, ಮೊನ್ನೆ ಸೋಮವಾರ ಸಾವಿತ್ರೆವ್ವ ಏನೆಂದಳು ಕೇಳಿ.

ಅಂದು ತಾರವ್ವ ನಡುಗೋಡೆಯ ಬಾಗಿಲಲ್ಲಿ ನಿಂತು ಕರೆದಳು. "ಅಕ್ಕಾ, ನಿನ್ನ ಆ ಪೆನ್ ಡ್ರೈವ್ ಒಂದೀಟ ಕೊಡು. ಮಠದಾಗ ಹಚ್ಚಾಕ ಭಜನಿ ಪದಾ ತುಂಬಿಸ್ಕೊಂಡ ಬರ್ತೇನಿ. ಸಂಜಿಕ ವಾಪಸ್."

"ಹೆಪ್ಪು ಕೇಳು, ಕೊಡ್ತೇನಿ. ಉಳ್ಳಾಗಡ್ಡಿ ಕೇಳು, ಕೊಡ್ತೇನಿ. ಇದನ್ನ ಮಾತ್ರ ಕೊಡಂಗಿಲ್ಲ."

"ದೇವರ ಪದಾಕ್ಕ ಕೇಳಾಕತ್ತೇನಿ ಅಕ್ಕಾ!"

"ದೇವರ ಬಂದು ಕೇಳಿದ್ರೂ ಕೊಡಂಗಿಲ್ಲ."