ಭಾನುವಾರ ಬೆಳೆಯದ ಬೂಷ್ಟು

ಬೇಕರಿಯ ಗೋಡೆಯ ಮೇಲೆ ತಾನು ಬರೆದ ಬನ್ನನ್ನು ನಿಜವೆಂದು ನಂಬಿ ಕಚ್ಚಲು ಹೋಗಿ ಮೂರು ನಾಯಿ, ಒಂದು ಕತ್ತೆ ಮತ್ತು ಮುನಿಸಿಪಾಲಿಟಿಯ ಒಬ್ಬ ಇನ್ಸ್‌ಪೆಕ್ಟರು ಒಂದೇ ದಿನ ಹಲ್ಲು ಮುರಿದುಕೊಂಡರು ಎಂಬಲ್ಲಿಗೆ ಬೋರ್ಡ್ ಪೇಂಟರ್ ಮಗಳಿಗೆ ಹೇಳುತ್ತಿದ್ದ ಕಥೆ ಬಂದಿತ್ತು. ಉದುರಿದ ಹಲ್ಲುಗಳನ್ನು ಬೇಕರಿಯವನು ಗುಡಿಸಿ ಎರಡು ಬಕೆಟ್ ತುಂಬಿಸಿದ ಎಂದು ಇನ್ನೇನು ಹೇಳಬೇಕು, ಅಷ್ಟರಲ್ಲಿ ಮಗಳು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ಬನ್ನಿನ ಕಥೆ ಆಮೇಲೆ ಅಪ್ಪ. ಮೊದ್ಲು ಇದನ್ನ ಹಿಡ್ಕೋ. ಅಲ್ಲಾಡಿಸ್ಬೇಡ, ಎಣಿಸ್ಬೇಕು."

ಡಬ್ಬಿಯೊಳಗಿದ್ದದ್ದು ಎಂಟು ದಿನದ ಹಿಂದೆ ಒಂದು ಬ್ರೆಡ್ ತುಂಡಾಗಿತ್ತು. ಸ್ಕೂಲಿನಲ್ಲಿ ಹೇಳಿಕೊಟ್ಟಂತೆ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಮುಚ್ಚಳ ಹಾಕಿ, ಅಂಚಿಗೆ ಟೇಪು ಅಂಟಿಸಿ ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟದ್ದಾಗಿತ್ತು. ಎರಡು ವಾರ ಬೆಳಿಗ್ಗೆ ಸಂಜೆ ನೋಡಬೇಕು, ಬರೆಯಬೇಕು, ಮನೆಯ ದೊಡ್ಡವರೊಬ್ಬರು ಜೊತೆಗೆ ಕೂರಬೇಕು. ಈಗ ಅದರ ಮೇಲೆ ಬಿಳಿ ನೂಲು ಎದ್ದಿತ್ತು. ನೂಲಿನ ನಡುವೆ ಹಸಿರು ಪುಡಿ, ಹಸಿರಿನ ನಡುವೆ ಕಪ್ಪು ಚುಕ್ಕೆ. ಒಂದು ಮೂಲೆ ಕೊಳೆತು ಹಳದಿ ನೀರು ಬಿಟ್ಟಿತ್ತು. ಮುಚ್ಚಳದ ಒಳಮೈ ಬೆವತಿತ್ತು. ಅದು ಉಸಿರಾಡುತ್ತಿದೆ ಎಂದು ಪೇಂಟರನಿಗೆ ಅನ್ನಿಸಿತು.

"ನನಗೆ ಇಂಥದ್ದೆಲ್ಲ ಏನೂ ಅಲ್ಲ" ಎಂದು ಅವನು ಡಬ್ಬಿಯನ್ನು ತೋಳುದ್ದ ದೂರ ಹಿಡಿದ. "ಚರಂಡಿ ಮೇಲೆ ಏಣಿ ಹಾಕ್ಕೊಂಡು ಮೂರು ದಿನ ಬೋರ್ಡ್ ಬರ್ದಿದ್ದೀನಿ. ಅಲ್ಲೇ ಊಟ, ಅಲ್ಲೇ ನಿದ್ದೆ. ಜೇಬಲ್ಲಿ ಇಲಿ ಸತ್ತಿತ್ತು, ಸಂಜೆವರೆಗೂ ಗೊತ್ತೇ ಆಗ್ಲಿಲ್ಲ."

"ಮತ್ಯಾಕೆ ಕಣ್ಣು ಮುಚ್ಕೊಂಡಿದ್ದೀಯ?"

"ಮನಸ್ಸಲ್ಲೇ ಎಣಿಸ್ತಾ ಇದ್ದೆ ಕಣೇ."

ಮಗಳು ಚೌಕಗಳಿದ್ದ ಪಾರದರ್ಶಕ ಹಾಳೆಯನ್ನು ಮುಚ್ಚಳದ ಮೇಲೆ ಹಾಸಿ, ಬೂಷ್ಟು ಹಿಡಿದ ಚೌಕಗಳನ್ನು ಪೆನ್ಸಿಲ್ ತುದಿಯಿಂದ ಎಣಿಸಿದಳು. ಹತ್ತೊಂಬತ್ತು. ಪುಸ್ತಕದಲ್ಲಿ ಬರೆದುಕೊಂಡಳು. ಅದರ ಮೊದಲ ಪುಟದಲ್ಲಿ ಟೀಚರ್ ಹೇಳಿ ಬರೆಸಿದ್ದ ಸಾಲುಗಳಿದ್ದವು: 'ನೋಡಿದ್ದನ್ನು ಬರೆಯಿರಿ. ಅಂದುಕೊಂಡದ್ದನ್ನು ಬರೆಯಬೇಡಿ. ಬರೆದದ್ದನ್ನು ಅಳಿಸಬೇಡಿ.'

"ವಾಸನೆ ಏನಂತ ಬರೀಲಿ? ನೀನೂ ಮೂಸು."

ಅವನು ಮೂಸಿದ. ಹೊಟ್ಟೆಯಲ್ಲಿದ್ದ ಟೀ ಗಂಟಲವರೆಗೆ ಬಂದು ವಿಚಾರಿಸಿಕೊಂಡು ಹೋಯಿತು.

"ಗುಲಾಬಿ ಅಂತ ಬರಿ."

"ಸುಳ್ಳು" ಎಂದವಳು 'ಒದ್ದೆ ಕಾಲುಚೀಲ' ಎಂದು ಬರೆದಳು.

ಈ ಕೆಲಸ ನಿಜಕ್ಕೂ ಅವನ ಹೆಂಡತಿಯದಾಗಬೇಕಿತ್ತು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು. ವಾರ್ಡುಗಳಿಂದ ಬರುವ ಹಾಸಿಗೆ ಬಟ್ಟೆಗಳಲ್ಲಿ ಏನೇನಿರುತ್ತದೆ ಎಂದು ಅವಳು ಊಟದ ಹೊತ್ತಿಗೂ ಸಲೀಸಾಗಿ ಹೇಳಬಲ್ಲಳು. ಪೇಂಟರನೇ ತಟ್ಟೆ ಬಿಟ್ಟು ಏಳುತ್ತಿದ್ದ. ಆದರೆ ಈ ತಿಂಗಳು ಅವಳಿಗೆ ಮಧ್ಯಾಹ್ನದ ಪಾಳಿ. "ಎರಡೇ ವಾರ ರೀ, ಅವಳ ಜೊತೆ ಕೂತ್ಕೊಳ್ಳಿ. ನೀವೇನೂ ಮಾಡೋದು ಬೇಡ, ಕೂತಿದ್ರೆ ಸಾಕು" ಎಂದಿದ್ದಳು. "ಕೂರೋದೇನು, ಆ ಬ್ರೆಡ್ಡಿಗೇ ಅಕ್ಷರ ಕಲಿಸ್ತೀನಿ" ಎಂದು ಇವನು ಎದೆ ತಟ್ಟಿಕೊಂಡಿದ್ದ.

ಮಾರನೆಯ ದಿನ, ಮಂಗಳವಾರ, ಎರಡು ಗಂಟೆಗೆ ಅವನು ಊಟಕ್ಕೆ ಬಂದಾಗ ಮನೆಯಲ್ಲಿ ಅವನೂ ಡಬ್ಬಿಯೂ ಇಬ್ಬರೇ. ಅದಕ್ಕೆ ಬೆನ್ನು ಹಾಕಿ ಕೂತ; ಬೆನ್ನು ತುರಿಸಿತು. ಅದರ ಮೇಲೆ ಪೇಪರ್ ಮುಚ್ಚಿದ. ಪೇಪರಿನ ಕೆಳಗೆ ಅದು ಇನ್ನೂ ದೊಡ್ಡದಾಯಿತು. ಬಾಯಲ್ಲಿದ್ದ ತುತ್ತು ನೂಲುನೂಲಾಗಿ ನಾಲಿಗೆಗೆ ಸುತ್ತಿಕೊಂಡಂತಾಗಿ ಬಚ್ಚಲಿಗೆ ಓಡಿದ. ಬಾಯಿ ತೊಳೆದು ಬಂದವನೇ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಬೀದಿಯ ಕೊನೆಯ ಕಸದ ತೊಟ್ಟಿಗೆ ಒಯ್ದು, ಟೇಪು ಕಿತ್ತು, ಕಣ್ಣು ಮುಚ್ಚಿ ಬಗ್ಗಿಸಿದ. ಅದು ಬೀಳಲಿಲ್ಲ. ತಳಕ್ಕೆ ಅಂಟಿಕೊಂಡಿತ್ತು. ಕಡ್ಡಿಯಿಂದ ಕೆರೆಯಬೇಕಾಯಿತು. ಥೂ.

ಕುದಿಯುವ ನೀರಲ್ಲಿ ಮೂರು ಸಲ ತೊಳೆದ ಖಾಲಿ ಡಬ್ಬಿ ಅವನ ಮುಂದಿತ್ತು. ಮಗಳು ಬರಲು ಒಂದೂವರೆ ಗಂಟೆ. ಬೇರೆ ಯಾರಾದರೂ ಆಗಿದ್ದರೆ ಬಾಯಿಬಿಟ್ಟು ಇದ್ದದ್ದು ಹೇಳಿಬಿಡುತ್ತಿದ್ದರು. ಆದರೆ ಹೇಳುವುದೇನನ್ನು? ಸತ್ತ ಇಲಿಯನ್ನು ಜೇಬಲ್ಲಿಟ್ಟುಕೊಂಡು ಊಟ ಮಾಡಿದ ಗಂಡಸು ಒಂದು ಬ್ರೆಡ್ಡಿಗೆ ಹೆದರಿದನೆಂದೇ?

ಹಳೆಯ ಕುರ್ಚಿಯ ಸ್ಪಂಜನ್ನು ಬ್ಲೇಡಿನಿಂದ ಬ್ರೆಡ್ಡಿನ ಆಕಾರಕ್ಕೆ ಕೊಯ್ದು ತೆಳು ಕಂದು ಬಳಿದ. ಹತ್ತಿಯನ್ನು ಎಳೆ ಎಳೆ ಬಿಡಿಸಿ ಅಂಟಿಸಿ, ಹಸಿರಿಗೆ ಬೂದು ಬೆರೆಸಿ, ಒಣ ಬ್ರಷ್ಷಿನಿಂದ ಮೆಲ್ಲಗೆ ಕುಟ್ಟಿದ. ಕಪ್ಪು ಚುಕ್ಕೆಗಳನ್ನು ತನ್ನಲ್ಲಿದ್ದ ಅತಿ ಸಣ್ಣ ಬ್ರಷ್ಷಿನಲ್ಲಿ ಒಂದೊಂದಾಗಿ ಇಟ್ಟ. ಮುಚ್ಚಳದ ಒಳಗೆ ಬೆವರಿಗಾಗಿ ವಾರ್ನಿಷ್ ಹನಿ, ಅಂಚಿಗೆ ಮತ್ತೆ ಟೇಪು. ಚೌಕದ ಹಾಳೆ ಹಾಸಿ ತಾನೇ ಎಣಿಸಿದ: ಇಪ್ಪತ್ತೆರಡು. ಆ ಬೂಷ್ಟನ್ನು ಕಂಡಿದ್ದರೆ ಅಸಲಿ ಬೂಷ್ಟು ನಾಚಿಕೊಂಡು ಊರು ಬಿಡುತ್ತಿತ್ತು.

ಸಂಜೆ ಮಗಳು ಅದನ್ನು ಬಹಳ ಹೊತ್ತು ನೋಡಿದಳು. "ನಿನ್ನೆಗಿಂತ ಚೆನ್ನಾಗಿದೆ ಅಪ್ಪ." ಮೂಸಿದಳು, ಏನೋ ಬರೆದುಕೊಂಡಳು. ಅವನು ಕತ್ತೆಯ ಹಲ್ಲಿನ ಉದ್ದ ಹೇಳುವುದರಲ್ಲಿದ್ದ.

ಅಂದಿನಿಂದ ಪ್ರತಿ ಮಧ್ಯಾಹ್ನ ಅವನು ಡಬ್ಬಿ ತೆರೆದು ಎರಡು ಮೂರು ಚೌಕ ಬೆಳೆಸಿದ. ಇಪ್ಪತ್ತೈದು, ಇಪ್ಪತ್ತೇಳು, ಮೂವತ್ತು, ಮೂವತ್ತೆರಡು. ಭಾನುವಾರ ಮಾತ್ರ ಕೈ ಕಟ್ಟಿಹೋಯಿತು. ಹೆಂಡತಿ ಮನೆಯಲ್ಲಿದ್ದಳು, ಮಗಳು ಶೆಲ್ಫಿನ ಎದುರು ಕುರ್ಚಿ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಾಡಲಿಲ್ಲ. "ಹೋಗೇ, ಸ್ವಲ್ಪ ಹೊರಗೆ ಆಡ್ಕೊಂಡ್ ಬಾ" ಎಂದು ಐದು ಸಲ ಹೇಳಿ ನೋಡಿದ. "ಇವತ್ತು ಅದು ಬೆಳೆಯೋದನ್ನ ಕಣ್ಣಾರೆ ನೋಡ್ತೀನಿ" ಎಂದಳು.

ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮೊದಲು ಅವಳು ಯೂನಿಫಾರ್ಮಿನಲ್ಲಿ ನೆಟ್ಟಗೆ ನಿಂತು, ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ, ಪುಸ್ತಕ ಓದತೊಡಗಿದಳು.

"ನನ್ನ ಸಂಶೋಧನೆ. ಬೂಷ್ಟು ಮಧ್ಯಾಹ್ನ ಮಾತ್ರ ಬೆಳೆಯುತ್ತದೆ. ರಾತ್ರಿ ಬೆಳೆಯುವುದಿಲ್ಲ. ಯಾರಾದರೂ ನೋಡುತ್ತಿದ್ದರೆ ಬೆಳೆಯುವುದಿಲ್ಲ. ಭಾನುವಾರ ಅದಕ್ಕೆ ರಜೆ." ತಲೆಯೆತ್ತಿದಳು. ಮುಖ ಹೊಳೆಯುತ್ತಿತ್ತು. "ಇದು ಯಾವ ಪುಸ್ತಕದಲ್ಲೂ ಇಲ್ಲ ಅಮ್ಮ, ನಾನೇ ಕಂಡುಹಿಡಿದಿದ್ದು. ಇವತ್ತು ಇಡೀ ಸ್ಕೂಲ್ ಮುಂದೆ ಓದ್ತೀನಿ. ಟೀಚರ್ ನನ್ನ ಹೆಸರು ಬರ್ಕೊಂಡಿದ್ದಾರೆ."

ಪೇಂಟರನಿಗೆ ಸಾಲಾಗಿ ಕೂತ ನಾನೂರು ಮಕ್ಕಳು ಕಂಡರು. ನಾನೂರು ಬಾಯಿ ತೆರೆದು ನಗುತ್ತಿದ್ದವು.

"ಭಾನುವಾರ ರಜಾನಾ?" ಎಂದು ಹೆಂಡತಿ ಎದ್ದು ಡಬ್ಬಿಯನ್ನು ಕೈಗೆತ್ತಿಕೊಂಡಳು. ಮುಚ್ಚಳದ ಅಂಚಿಗೆ ಮೂಗು ತಂದಳು. ಗಂಡನ ಕಡೆ ತಿರುಗಿದಳು. "ಇದೇನ್ರೀ ವಾಸನೆ?"

"ವಾಸನೆ ಬರ್ದಿದ್ದೀನಿ ಅಮ್ಮ" ಎಂದು ಮಗಳು ಪುಟ ಹಿಂದಕ್ಕೆ ತಿರುವಿದಳು. "ಎಂಟನೇ ದಿನ: ಒದ್ದೆ ಕಾಲುಚೀಲ. ಅಪ್ಪ ಕಣ್ಣು ಮುಚ್ಚಿದ್ದರು. ಒಂಬತ್ತನೇ ದಿನ: ಅಪ್ಪನ ವಾಸನೆ. ಅಪ್ಪ ಕಣ್ಣು ತೆರೆದಿದ್ದರು. ಹತ್ತನೇ ದಿನ: ಅಪ್ಪನ ವಾಸನೆ. ಹನ್ನೊಂದು..." ಅಲ್ಲಿಗೆ ಅವಳ ದನಿ ನಿಧಾನವಾಯಿತು. ತಾನು ಬರೆದದ್ದನ್ನು ತಾನೇ ಮೊದಲ ಸಲ ಓದುವವಳಂತೆ ಪುಟವನ್ನು ನೋಡಿದಳು.

"ಅದು ಹಾಗಲ್ಲ" ಎಂದು ಪೇಂಟರ್ ಗಂಟಲು ಸರಿಮಾಡಿಕೊಂಡ. "ಬೂಷ್ಟಿಗೆ ಏನು ಗುಣ ಅಂದ್ರೆ, ಮನೇಲಿ ಯಾರು ಹೆಚ್ಚು ಧೈರ್ಯಶಾಲಿನೋ ಅವರ ವಾಸನೆ ಅದು..."

ಹೆಂಡತಿ ಟೇಪು ಕಿತ್ತು, ಸ್ಪಂಜನ್ನು ಹೊರಗೆ ತೆಗೆದು ಒತ್ತಿದಳು. ಅದು ಕುಗ್ಗಿ ಮತ್ತೆ ಉಬ್ಬಿತು.

"ದಿನಾ ಏನೇನೋ ಮುಟ್ತೀನಿ ನಾನು" ಎಂದಳು ಮೆಲ್ಲಗೆ. "ರಕ್ತ, ಕೀವು. ಯಾವತ್ತೂ ಹೀಗೆ ವಾಕರಿಕೆ ಬಂದಿರ್ಲಿಲ್ಲ ರೀ."

ಮೇಜಿನ ಮೇಲೆ ಬಿದ್ದ ಸ್ಪಂಜನ್ನು ಪೇಂಟರ್ ನೋಡಿದ. ಆ ಚುಕ್ಕೆಗಳು, ಆ ನೂಲು, ಅಚ್ಚುಕಟ್ಟಾದ ಆ ಹಸಿರು. ಕಸದ ತೊಟ್ಟಿಯ ಬಳಿ ಆದದ್ದಕ್ಕಿಂತ ಹೆಚ್ಚಾಗಿ ಹೊಟ್ಟೆ ಮಗುಚಿತು. ಅದು ಕೊಳೆಯುವಂಥದ್ದೂ ಆಗಿರಲಿಲ್ಲ.

"ಬಿಸಾಕ್ಬಿಟ್ಟೆ ಮರಿ" ಎಂದ. "ಮಂಗಳವಾರ. ನಂಗೆ ಹೇಸಿಗೆ ಆಯ್ತು, ತಡ್ಕೊಳ್ಳೋಕೆ ಆಗ್ಲಿಲ್ಲ. ಆಮೇಲೆ ಇದನ್ನ ಮಾಡಿದೆ."

ಮಗಳು ಅಳಲಿಲ್ಲ. ಅತ್ತಿದ್ದರೆ ಅವನು ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದನೇನೋ. ಅವಳು ರಬ್ಬರನ್ನು ಕೈಗೆತ್ತಿಕೊಂಡು, ಮೊದಲ ಪುಟ ನೋಡಿ, ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಹದಿನೈದನೇ ದಿನದ ಪುಟ ತೆರೆದು ಪೆನ್ಸಿಲನ್ನು ಅವನ ಮುಂದಿಟ್ಟಳು.

"ನೀನೇ ಬರಿ. ಆಗಿದ್ದಷ್ಟೇ."

ಆಳೆತ್ತರದ ಅಕ್ಷರ ಬರೆಯುವ ಕೈಗೆ ಆ ಗೆರೆಗಳ ನಡುವಿನ ಜಾಗ ಸಾಲಲಿಲ್ಲ. 'ಒಂಬತ್ತನೇ ದಿನ ಬ್ರೆಡ್ಡನ್ನು ನಾನು ಎಸೆದೆ. ಅಲ್ಲಿಂದ ಮುಂದೆ ಇದ್ದದ್ದು ಪೇಂಟು.' ಅಕ್ಷರಗಳು ಒಂದರ ಮೇಲೊಂದು ಬಿದ್ದವು.

"ಬನ್ನು?" ಎಂದಳು ಮಗಳು.

"ಯಾವ ಬನ್ನು?"

"ನಾಯಿ, ಕತ್ತೆ, ಇನ್ಸ್‌ಪೆಕ್ಟರ್."

ಅವನು ಪೆನ್ಸಿಲ್ ಕೆಳಗಿಟ್ಟ. "ಒಂದೇ ನಾಯಿ. ಕಚ್ಚಲಿಲ್ಲ. ಮೂಸಿ ನೋಡ್ತು, ಗೋಡೆಗೆ ಕಾಲೆತ್ತಿ ಹೋಯ್ತು."

"ಕತ್ತೆ?"

"ಇರ್ಲಿಲ್ಲ."

ಅವಳು ತಲೆಯಾಡಿಸಿ, ಪುಸ್ತಕವನ್ನೂ ಸ್ಪಂಜಿನ ಡಬ್ಬಿಯನ್ನೂ ಬ್ಯಾಗಿಗೆ ಹಾಕಿಕೊಂಡಳು.

"ಅದನ್ನ ಯಾಕೆ ತಗೊಂಡ್ ಹೋಗ್ತೀಯ? ನಾನು ಬರ್ದಿದ್ದೂ ಓದ್ತೀಯಾ, ಎಲ್ಲರ ಮುಂದೆ?"

"ಬರ್ದಿದ್ದೆಲ್ಲ ಓದ್ಬೇಕು" ಎಂದು ಅವಳು ಅಮ್ಮನ ಕೈ ಹಿಡಿದು ಮೆಟ್ಟಿಲು ಇಳಿದಳು.

ಪೇಂಟರ್ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ಉಗುರಿನ ಸಂದಿಯ ಹಸಿರನ್ನು ಸೋಪು ಹಾಕಿ ಉಜ್ಜಿದ, ಹೋಗಲಿಲ್ಲ. ಟರ್ಪೆಂಟೈನ್ ಹಚ್ಚಿ ಉಜ್ಜಿದ. ಚರ್ಮ ಕೆಂಪಾಗುವವರೆಗೆ ಉಜ್ಜಿ, ತೊಳೆದು, ಬಾಗಿಲ ಕಡೆ ಒಮ್ಮೆ ನೋಡಿ, ಬೆರಳುಗಳನ್ನು ಮೂಗಿನ ಹತ್ತಿರ ತಂದುಕೊಂಡ.